ಮೆಡಿಕಲ್ ಸೀಟಿನ ಅರ್ಜಿ ಶುರುವಾಗುವುದು ಹತ್ತನೇ ಕ್ಲಾಸಿನಲ್ಲಿ

ಏಪ್ರಿಲ್‌ನ ಒಂದು ಭಾನುವಾರ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಪಕ್ಕದ ಬಿಲ್ಡಿಂಗಿನ ಅಕ್ಕ ಒಬ್ಬರು ಮನೆಗೆ ಬಂದರು. ಮಗನ ಹತ್ತನೇ ಕ್ಲಾಸಿನ ಪರೀಕ್ಷೆ ಆಗಷ್ಟೇ ಮುಗಿದಿತ್ತು. "ಅಣ್ಣಾ, ಇವನನ್ನು ಪಿಯುಸಿಗೆ ಊರಿಗೆ ಕಳಿಸೋಣ ಅಂತ ಇದ್ದೇವೆ. ಅಲ್ಲಿ ಹಾಸ್ಟೆಲ್ಲೂ ಇದೆ, ನೀಟ್ ಕೋಚಿಂಗೂ ಇದೆ. ಇಲ್ಲಿ ಟ್ರೈನಿನಲ್ಲೇ ಅರ್ಧ ದಿನ ಹೋಗ್ತದೆ. ಏನು ಹೇಳ್ತೀರಿ?"

ನಾನು ಒಂದೇ ಪ್ರಶ್ನೆ ಕೇಳಿದೆ. "ಅಕ್ಕಾ, ನೀವು ಊರಿನಲ್ಲಿ ಎಷ್ಟನೇ ಕ್ಲಾಸಿನ ತನಕ ಓದಿದ್ದೀರಿ?"

ಅವರಿಗೆ ಸ್ವಲ್ಪ ಮುಜುಗರವಾಯಿತು. ಮಗನ ಡಾಕ್ಟರ್ ಓದಿಗೂ ತಮ್ಮ ಏಳನೇ ಕ್ಲಾಸಿಗೂ ಏನು ಸಂಬಂಧ ಅನ್ನುವ ಹಾಗೆ ನೋಡಿದರು. ಸಂಬಂಧ ಇದೆ. ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮಂಥ ಕನ್ನಡದ ಮನೆಗಳಿಗೆ ಆ ಸಂಬಂಧ ಗೊತ್ತಾಗುವುದು ಸಾಮಾನ್ಯವಾಗಿ ಎರಡು ವರ್ಷ ತಡವಾಗಿ, ನೀಟ್ ರಿಸಲ್ಟ್ ಕೈಯಲ್ಲಿ ಹಿಡಿದು ಕೂತಾಗ. ನನಗೂ ಮಗಳ ವಿಷಯದಲ್ಲಿ ಹಾಗೆಯೇ ಗೊತ್ತಾದದ್ದು.

ಮೆಡಿಕಲ್ ಅರ್ಜಿ ಅಂದರೆ ಅಮೆರಿಕದ ಕಡೆ ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಎಲ್ಲ ಇರುತ್ತದೆ. ನಮ್ಮ ಪಕ್ಕದ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1883ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ಮೆಡಿಕಲ್ ಕಾಲೇಜಿಗೆ ಸೇರಿದ್ದೇ ತನಗೆ ಯಾಕೆ ಡಾಕ್ಟರ್ ಆಗಬೇಕು ಎಂದು ಪತ್ರ ಬರೆದು. 1886ರಲ್ಲಿ ಎಂಡಿ ಪದವಿಯನ್ನೂ ಪಡೆದರು. ಈಗ ಇಲ್ಲಿ ಯಾರೂ "ನಿನಗೆ ಯಾಕೆ ಡಾಕ್ಟರ್ ಆಗಬೇಕು" ಅಂತ ಕೇಳುವುದಿಲ್ಲ. ಕೇಳುವುದು ಎರಡೇ: ನೀಟ್ ರ‍್ಯಾಂಕ್ ಎಷ್ಟು, ನೀನು ಯಾವ ರಾಜ್ಯದವನು. ಮೊದಲನೆಯದರ ಬಗ್ಗೆ ಊರೆಲ್ಲ ಮಾತಾಡುತ್ತದೆ. ನಮ್ಮಲ್ಲಿ ಜಾಸ್ತಿ ಮಕ್ಕಳು ಜಾರಿ ಬೀಳುವುದು ಎರಡನೆಯದರಲ್ಲಿ.

ಮೊದಲು ಲೆಕ್ಕ ನೋಡೋಣ. ಎಂಬಿಬಿಎಸ್ಸಿಗೂ ದಂತ ವೈದ್ಯರ ಬಿಡಿಎಸ್ಸಿಗೂ ಒಂದೇ ಪರೀಕ್ಷೆ, ನೀಟ್. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಜೀವಶಾಸ್ತ್ರದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ ತಲಾ 45. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. 12.36 ಲಕ್ಷ ಮಂದಿ 'ಕ್ವಾಲಿಫೈ' ಆದರು. ದೇಶದಲ್ಲಿರುವ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಅಂದರೆ ಪಾಸಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು, ಅದರಲ್ಲೂ ಸರಕಾರಿ ಸೀಟು ಅರ್ಧದಷ್ಟು. ಆ ವರ್ಷ ಜನರಲ್ ವರ್ಗಕ್ಕೆ 144 ಅಂಕ ಬಂದರೆ ಕ್ವಾಲಿಫೈ. ಆ 144 ನೋಡಿ ಪೇಡೆ ಹಂಚಿದ ಮನೆಗಳೂ ಇವೆ. ಕ್ವಾಲಿಫೈ ಆದರೆ ಕೌನ್ಸೆಲಿಂಗಿನ, ಅಂದರೆ ಸೀಟು ಹಂಚುವ ಕೆಲಸದ, ಬಾಗಿಲಲ್ಲಿ ನಿಲ್ಲಬಹುದು, ಅಷ್ಟೇ.

ಆ ಬಾಗಿಲುಗಳು ಯಾವುವು?

ಒಂದು ದಿಲ್ಲಿಯದು. ಎಂಸಿಸಿ ಎಂಬ ಕೇಂದ್ರ ಸಮಿತಿ ನಡೆಸುತ್ತದೆ. ರಾಜ್ಯಗಳ ಸರಕಾರಿ ಕಾಲೇಜುಗಳ 15% ಸೀಟು, ಏಮ್ಸ್‌ಗಳು, ಡೀಮ್ಡ್ ವಿಶ್ವವಿದ್ಯಾಲಯಗಳು (ವಿಶ್ವವಿದ್ಯಾಲಯದ ಮಾನ್ಯತೆ ಪಡೆದ, ಹೆಚ್ಚಾಗಿ ಖಾಸಗಿ ಸಂಸ್ಥೆಗಳು) ಇದರಲ್ಲಿ ಬರುತ್ತವೆ. ಇಲ್ಲಿ ನೀವು ಯಾವ ರಾಜ್ಯದವರು ಅಂತ ಕೇಳುವುದಿಲ್ಲ. ಆದರೆ ಸರಕಾರಿ ಸೀಟಿಗೆ ಇಡೀ ದೇಶದ ಜೊತೆ ಪೈಪೋಟಿ. ಡೀಮ್ಡ್ ಆದರೆ ವರ್ಷದ ಶುಲ್ಕ ಎಷ್ಟೋ ಕಡೆ 20 ಲಕ್ಷ ದಾಟುತ್ತದೆ.

ಇನ್ನೊಂದು ರಾಜ್ಯದ ಬಾಗಿಲು. ಸರಕಾರಿ ಕಾಲೇಜಿನ ಉಳಿದ 85% ಸೀಟು ಇಲ್ಲಿ. ಮಹಾರಾಷ್ಟ್ರದಲ್ಲಿ ಇದನ್ನು ಸಿಇಟಿ ಸೆಲ್ ನಡೆಸುತ್ತದೆ. ಖಾಸಗಿ ಕಾಲೇಜುಗಳ 85% ಸೀಟೂ ಇದರಲ್ಲೇ. ಕರ್ನಾಟಕದಲ್ಲಿ ಕೆಇಎ, ಅಂದರೆ ಪರೀಕ್ಷಾ ಪ್ರಾಧಿಕಾರ. ಮಧ್ಯಮ ವರ್ಗದ ಮನೆಗೆ ಕೈಗೆಟುಕುವ ಸೀಟು ಬರುವುದು ಹೆಚ್ಚಾಗಿ ಈ ಬಾಗಿಲಿನಿಂದ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಮಹಾರಾಷ್ಟ್ರದ 85%ಗೆ ಅರ್ಜಿ ಹಾಕಬೇಕಾದರೆ ಮೂರು ಬೇಕು. ಡೊಮಿಸೈಲ್ ಸರ್ಟಿಫಿಕೇಟ್ (ಈ ರಾಜ್ಯದ ನಿವಾಸಿ ಎಂಬ ಪತ್ರ), ಮಹಾರಾಷ್ಟ್ರದ ಶಾಲೆಯಿಂದ ಹತ್ತನೇ ಕ್ಲಾಸು, ಮಹಾರಾಷ್ಟ್ರದ ಕಾಲೇಜಿನಿಂದ ಹನ್ನೆರಡು. ಬೋರ್ಡ್ ಸ್ಟೇಟ್ ಆಗಲಿ, ಸಿಬಿಎಸ್‌ಇ ಆಗಲಿ, ತೊಂದರೆ ಇಲ್ಲ. ಶಾಲೆ ಮಹಾರಾಷ್ಟ್ರದ ನೆಲದಲ್ಲಿ ಇರಬೇಕು. ವರ್ಗಾವಣೆಯಾಗುವ ಸರಕಾರಿ ನೌಕರರ ಮಕ್ಕಳಿಗೆ ಒಂದಿಷ್ಟು ವಿನಾಯಿತಿ ಇದೆ. ನಮ್ಮ ಹೋಟೆಲಿನವರಿಗೆ, ಖಾಸಗಿ ಕಂಪನಿಯವರಿಗೆ, ಅಂಗಡಿಯವರಿಗೆ ಇಲ್ಲ. ಹುಡುಗ ಇಲ್ಲೇ ಹುಟ್ಟಿ, ಇಲ್ಲೇ ಹತ್ತರವರೆಗೆ ಓದಿ, ಪಿಯುಸಿಗೆ ಮಾತ್ರ ಊರಿಗೆ ಹೋದರೂ ಮಹಾರಾಷ್ಟ್ರದ ಬಾಗಿಲು ಮುಚ್ಚಿತು. ಮನೆ ಡೊಂಬಿವಲಿಯಲ್ಲೇ ಇದೆ, ಅಪ್ಪ ಇಲ್ಲೇ ತೆರಿಗೆ ಕಟ್ಟುತ್ತಾರೆ ಎಂದರೆ ಯಾರೂ ಕೇಳುವುದಿಲ್ಲ.

ಹಾಗಾದರೆ ಕರ್ನಾಟಕ ಕರೆದು ಕೂರಿಸುತ್ತದೆಯೇ? ಅಲ್ಲಿ ಮುಖ್ಯ ನಿಯಮ, ವಿದ್ಯಾರ್ಥಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು. ಎರಡು ವರ್ಷದ ಪಿಯುಸಿ ಆ ಲೆಕ್ಕಕ್ಕೆ ಸಾಲದು. ಮನೆಮಾತು ಕನ್ನಡ, ಕುಲದೇವರು ಕುಂದಾಪುರದ ಹತ್ತಿರ, ವರ್ಷಕ್ಕೊಮ್ಮೆ ಹೋಗಿ ಬರುತ್ತೇವೆ ಅನ್ನುವುದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಎರಡೂ ಕಡೆ ಇಲ್ಲದವನು ತ್ರಿಶಂಕು. ಅವನಿಗೆ ಉಳಿಯುವುದು 15%, ಡೀಮ್ಡ್, ಮತ್ತೆ ಕರ್ನಾಟಕದಂಥ ರಾಜ್ಯಗಳು ಖಾಸಗಿ ಕಾಲೇಜಿನಲ್ಲಿ ಹೊರಗಿನವರಿಗೆ ತೆರೆದಿಡುವ ದುಬಾರಿ ಸೀಟು.

ಆದರೆ ಕೆಇಎ ನಿಯಮಗಳಲ್ಲಿ ಇನ್ನೊಂದು ದಾರಿ ಇದೆ. ಮಗ ಅಥವಾ ಮಗಳು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿರಬೇಕು, ಮತ್ತು ತಂದೆ ತಾಯಿಯಲ್ಲಿ ಒಬ್ಬರು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಒಬ್ಬರು ಸಾಕು. ಅದಕ್ಕೇ ನಾನು ಅಕ್ಕನ ಓದಿನ ಬಗ್ಗೆ ಕೇಳಿದ್ದು.

ಅವರ ಯಜಮಾನರು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲ್ ಕೆಲಸಕ್ಕೆ ಮುಂಬಯಿಗೆ ಬಂದವರು. ಹಗಲು ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿ ಮಾಡಿದರು. ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುವ ಓದು ಅದು. ಕೆಇಎ ಲೆಕ್ಕದಲ್ಲಿ ಅದು ಐದೇ ವರ್ಷ, ಏಕೆಂದರೆ ರಾತ್ರಿ ಶಾಲೆ ಇದ್ದದ್ದು ಮುಂಬಯಿಯಲ್ಲಿ. ಅಕ್ಕ ಮಾತ್ರ ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಏಳರವರೆಗೆ ಓದಿ ನಿಲ್ಲಿಸಿದವರು. "ನಾನೇನು ಓದಿಲ್ಲ ಬಿಡಿ" ಎಂದು ಅವರೇ ಯಾವಾಗಲೂ ಹೇಳುತ್ತಿದ್ದರು. ಸರಿಯಾಗಿ 7 ವರ್ಷ! ಮಗ ಕರ್ನಾಟಕದ ಪಟ್ಟಿಯಲ್ಲಿ ನಿಲ್ಲಬಹುದಾದರೆ ಅದು ಅಮ್ಮನ ಆ ಓದಿನಿಂದ.

ಹಾಗಾಗಿ ಹತ್ತನೇ ಕ್ಲಾಸು ಮುಗಿದ ಕೂಡಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಕು. ಅಪ್ಪನೂ ಅಮ್ಮನೂ ಇಲ್ಲೇ ಓದಿ ಬೆಳೆದವರಾದರೆ ಮಗುವನ್ನು ಊರಿಗೆ ಕಳಿಸಬೇಡಿ. ಕಾಲೇಜು ಎಷ್ಟೇ ಚೆನ್ನಾಗಿರಲಿ. ಒಬ್ಬರಾದರೂ ಊರಿನಲ್ಲಿ 7 ವರ್ಷ ಓದಿದ್ದರೆ ನಿಮ್ಮ ಮುಂದೆ ನಿಜವಾದ ಆಯ್ಕೆ ಇದೆ, ಆದರೆ ಒಂದನ್ನು ಹಿಡಿದರೆ ಇನ್ನೊಂದು ಹೋಯಿತು. ನನ್ನನ್ನು ಕೇಳಿದರೆ, ಡೊಮಿಸೈಲ್ ಗಟ್ಟಿ ಇದ್ದವರು ಇಲ್ಲೇ ಇರುವುದು ವಾಸಿ. ಮಹಾರಾಷ್ಟ್ರದಲ್ಲಿ ಸರಕಾರಿ ಮತ್ತು ಮುನಿಸಿಪಾಲಿಟಿ ಕಾಲೇಜುಗಳು ಸಾಕಷ್ಟಿವೆ. ಕೋಚಿಂಗ್ ಎಲ್ಲಿದ್ದರೂ ಸಿಗುತ್ತದೆ, ಟ್ರೈನಿನ ಕಷ್ಟಕ್ಕೆ ಹೆದರಿ ಇಷ್ಟು ದೊಡ್ಡ ಬಾಗಿಲನ್ನು ಮುಚ್ಚಿಕೊಳ್ಳುವುದು ಯಾಕೆ?

ಇನ್ನು ಜಾತಿ ಪ್ರಮಾಣಪತ್ರ. ಇಲ್ಲಿ ನಮ್ಮವರಿಗೆ ಆಗುವಷ್ಟು ಗೊಂದಲ ಬೇರೆ ಯಾರಿಗೂ ಆಗುವುದಿಲ್ಲವೇನೋ. ಮೀಸಲಾತಿಯ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಅಪ್ಪ ಕರ್ನಾಟಕದಿಂದ ತಂದ ಸರ್ಟಿಫಿಕೇಟ್ ತೋರಿಸಿ ಮಹಾರಾಷ್ಟ್ರದ ರಾಜ್ಯ ಮೀಸಲಾತಿ ಕೇಳಲು ಬರುವುದಿಲ್ಲ. ಇಲ್ಲಿನ ಸರ್ಟಿಫಿಕೇಟ್ ಬೇಕಾದರೆ ಕುಟುಂಬ ಒಂದು ನಿಗದಿತ ದಿನಕ್ಕೂ ಮೊದಲೇ ಮಹಾರಾಷ್ಟ್ರದಲ್ಲಿ ಇತ್ತು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ಒಬಿಸಿಗೆ 1967ರ ಅಕ್ಟೋಬರ್ 13. ಅಜ್ಜ ಗಿರಣಿಯಲ್ಲಿ ದುಡಿದಿದ್ದರೆ, ಚಾಳಿನ ಹಳೇ ಬಾಡಿಗೆ ಚೀಟಿಯೋ ಶಾಲೆಯ ದಾಖಲೆಯೋ ಟ್ರಂಕಿನ ತಳದಲ್ಲಿದ್ದರೆ, ಅದನ್ನು ಈಗಲೇ ಹುಡುಕಿ. ನಾವು ಎಷ್ಟೋ ಮನೆಗಳವರು 1980ರ ನಂತರ ಬಂದವರು. ನಮ್ಮ ಮಕ್ಕಳು ಇಲ್ಲಿ ಓಪನ್ ವರ್ಗದಲ್ಲೇ ಲೆಕ್ಕ.

ಆದರೆ ಅದೇ ಮಗು ಎಂಸಿಸಿಯ ಬಾಗಿಲಲ್ಲಿ ಬೇರೆ ಆಗಬಹುದು. ಕೇಂದ್ರದ ಪಟ್ಟಿಯಲ್ಲಿ ಮೂಲ ರಾಜ್ಯದ ಹೆಸರಿನಲ್ಲಿ ನಿಮ್ಮ ಜಾತಿ ಇದ್ದರೆ, ಕೇಂದ್ರದ ನಮೂನೆಯ ಸರ್ಟಿಫಿಕೇಟ್ ಇದ್ದರೆ, ಅಲ್ಲಿ ಮೀಸಲಾತಿ ಸಿಗುತ್ತದೆ. ಒಬಿಸಿಗೆ ಅಲ್ಲಿ 27%. ಇಲ್ಲಿ ಓಪನ್, ಅಲ್ಲಿ ಒಬಿಸಿ. ಇದು ಮೋಸವೂ ಅಲ್ಲ, ತಪ್ಪೂ ಅಲ್ಲ. ಇದು ಗೊತ್ತಿಲ್ಲದೆ ನೀಟ್ ಫಾರಂನಲ್ಲಿ 'ಜನರಲ್' ಅಂತ ತುಂಬಿ ಕೈಚೆಲ್ಲಿದವರನ್ನು ನೋಡಿದ್ದೇನೆ. ಫಾರಂ ತಿದ್ದುವ ಕಿಟಕಿ ಕೆಲವೇ ದಿನ ತೆರೆದಿರುತ್ತದೆ.

ಮಹಾರಾಷ್ಟ್ರದ ಮೀಸಲಾತಿ ಇರುವವರು ಜಾತಿ ಪ್ರಮಾಣಪತ್ರದ ಜೊತೆ 'ವ್ಯಾಲಿಡಿಟಿ'ಯನ್ನೂ, ಅಂದರೆ ಆ ಪ್ರಮಾಣಪತ್ರ ಪರಿಶೀಲಿಸಿ ಸರಿ ಇದೆ ಎನ್ನುವ ಪತ್ರವನ್ನೂ, ಮಾಡಿಸಬೇಕು. ಜಿಲ್ಲಾ ಪರಿಶೀಲನಾ ಸಮಿತಿ ಕೊಡುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹನ್ನೊಂದನೇ ಕ್ಲಾಸಿನಲ್ಲೇ ಕಾಲೇಜಿನ ಮೂಲಕ ಅರ್ಜಿ ಹಾಕಿ. ನಾನ್ ಕ್ರೀಮಿ ಲೇಯರ್ ಪತ್ರದ (ಹಿಂದುಳಿದ ವರ್ಗದಲ್ಲಿ ಅನುಕೂಲಸ್ಥರ ಪೈಕಿ ಅಲ್ಲ ಎಂಬ ಪತ್ರ) ಆಯಸ್ಸು ಮಾರ್ಚ್ 31ಕ್ಕೆ ಮುಗಿಯುತ್ತದೆ, ಹಳೆಯದನ್ನು ಹಿಡಿದು ಹೋಗಬೇಡಿ.

ಹೆಸರಿನ ವಿಷಯ ಹೇಳದಿದ್ದರೆ ಈ ಲೇಖನ ಅರ್ಧ. ಮಹಾರಾಷ್ಟ್ರದ ಎಸ್‌ಎಸ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು. ನಮ್ಮ ಆಧಾರ್ ಎಷ್ಟೋ ಸಲ ಊರಿನ ರೀತಿಯಲ್ಲಿರುತ್ತದೆ: ಹೆಸರು, ಇನಿಶಿಯಲ್, ಕೆಲವೊಮ್ಮೆ ಊರಿನ ಹೆಸರೂ ಸೇರಿ. ಅಪ್ಪನ ಪಾನ್ ಕಾರ್ಡಿನಲ್ಲಿ ಇನ್ನೊಂದು. ನನ್ನ ಮಗಳ ಮೂರು ದಾಖಲೆಗಳಲ್ಲಿ ಮೂವರು ಹುಡುಗಿಯರಿದ್ದರು! ಡೊಮಿಸೈಲ್‌ಗೆ ಹೋದಾಗ ಒಂದು ಕಚೇರಿಯ ಕಿಟಕಿಯಲ್ಲಿ ನಾಲ್ಕು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಗುಮಾಸ್ತರು ಹೇಳಿದ್ದು ಸರಿಯಾಗಿತ್ತು ಅನ್ನಿ: "ಹತ್ತನೇ ಕ್ಲಾಸಿನ ಹೆಸರೇ ಮೂಲ ಅಂತ ಇಟ್ಟುಕೊಳ್ಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ." ಹತ್ತನೇ ಕ್ಲಾಸಿನ ಬೋರ್ಡ್ ಫಾರಂ ತುಂಬುವ ಮೊದಲೇ ಹೆಸರು ಸರಿಮಾಡಿಕೊಂಡರೆ ಎರಡು ವರ್ಷದ ಓಡಾಟ ಉಳಿಯುತ್ತದೆ. ಡೊಮಿಸೈಲ್ ಪತ್ರ ತಹಶೀಲ್ದಾರ್ ಕಚೇರಿಯಿಂದ, ಹತ್ತು ವರ್ಷದ ವಾಸದ ಪುರಾವೆಯ ಮೇಲೆ ಸಿಗುತ್ತದೆ. ಆಪ್ಲೇ ಸರ್ಕಾರ್ ಪೋರ್ಟಲಿನಲ್ಲಿ ಅಥವಾ ಸೇತು ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಹೋಗಿ.

ಗೋವಾದವರ ಲೆಕ್ಕ ಚಿಕ್ಕದು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ಪೋರ್ಚುಗೀಸರ ಕಾಲದಲ್ಲಿ 1842ರಲ್ಲಿ ಶುರುವಾದ ಶಾಲೆಯ ಮುಂದುವರಿಕೆ, ಮತ್ತೆ ಅಲ್ಲೇ ಇರುವ ಸರಕಾರಿ ದಂತ ಕಾಲೇಜು. ರಾಜ್ಯದ ಸೀಟು ಹಂಚುವುದು ಪರ್ವರಿಯ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ. ವಾಸ್ಕೋ, ಬೈನಾ ಕಡೆಯ ನಮ್ಮವರು ಗೋವಾದ ವಾಸದ ದಾಖಲೆಯನ್ನು ಗಟ್ಟಿ ಮಾಡಿಕೊಳ್ಳಬೇಕು. ಶಾಲೆಯ ಮಧ್ಯೆ ಮಗುವನ್ನು ಹುಬ್ಬಳ್ಳಿಗೋ ಕಾರವಾರಕ್ಕೋ ಕಳಿಸುವ ಮೊದಲು ಆ ವರ್ಷದ ಪ್ರಾಸ್ಪೆಕ್ಟಸ್ ಓದಬೇಕು.

ಪುಣೆಯಲ್ಲಿ ಒಂದು ವಿಶೇಷ ಇದೆ. ವಾನವಡಿಯ ಎಎಫ್‌ಎಂಸಿ, 1948ರ ಸೈನ್ಯದ ಮೆಡಿಕಲ್ ಕಾಲೇಜು. ರಾಜ್ಯದ ಗೋಜಿಲ್ಲ. ಎಂಸಿಸಿಯಲ್ಲಿ ಆಸಕ್ತಿ ತಿಳಿಸಬೇಕು. ನೀಟ್ ಅಂಕದ ಮೇಲೆ ಕರೆ ಬರುತ್ತದೆ. ಆಮೇಲೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋಪರೀಕ್ಷೆ, ಸಂದರ್ಶನ, ದೇಹದ ತಪಾಸಣೆ. "ನಿನಗೆ ಯಾಕೆ ಡಾಕ್ಟರ್ ಆಗಬೇಕು" ಎಂಬ ಪ್ರಶ್ನೆ ಇನ್ನೂ ಉಳಿದಿರುವ ಜಾಗ ಇದು. ಮದುವೆಯಾಗಿರಬಾರದು, ಓದಿದ ಮೇಲೆ ಸೈನ್ಯದಲ್ಲಿ ಸೇವೆ ಮಾಡಲೇಬೇಕು. ದಿನಪತ್ರಿಕೆ ಓದದ, ನಾಲ್ಕು ಜನರ ಎದುರು ಬಾಯಿ ಬಿಡದ ಮಗುವಿಗೆ ಬರೀ 650 ಅಂಕದ ಬಲದಲ್ಲಿ ಇಲ್ಲಿ ಕಷ್ಟ.

ಪರೀಕ್ಷೆಯ ತಯಾರಿ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಬೀದಿಗೊಬ್ಬರು ಇದ್ದಾರೆ. ಎರಡು ಮಾತು ಮಾತ್ರ. ಸ್ಟೇಟ್ ಬೋರ್ಡ್ ಮಕ್ಕಳು ಎನ್‌ಸಿಇಆರ್‌ಟಿ ಜೀವಶಾಸ್ತ್ರದ ಪುಸ್ತಕವನ್ನು ಚಿತ್ರದ ಕೆಳಗಿನ ಸಾಲಿನ ಸಮೇತ ಓದಬೇಕು. ಇನ್ನೊಂದು, ತಪ್ಪು ಉತ್ತರದ ಲೆಕ್ಕ. ಸರಿಯಾದರೆ 4, ತಪ್ಪಾದರೆ 1 ಕಡಿತ. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ತಪ್ಪು ಎಂದು ಗೊತ್ತಿದ್ದರೆ, ಉಳಿದ ಎರಡರಲ್ಲಿ ಊಹಿಸಿದರೂ ಸರಾಸರಿ ಒಂದೂವರೆ ಅಂಕ ಲಾಭ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ತುಂಬಿದರೆ ಸಿಗುವುದು ಸರಾಸರಿ ಕಾಲು ಅಂಕ. ಅದಕ್ಕೆ ಸಮಯ ಹಾಳು. ಅಂಕ ಸಮ ಬಂದಾಗ ಮೊದಲು ನೋಡುವುದು ಜೀವಶಾಸ್ತ್ರದ ಅಂಕವನ್ನು.

ದಂತ ವೈದ್ಯಕೀಯ? ನಮ್ಮಲ್ಲಿ ಅದನ್ನು 'ಎಂಬಿಬಿಎಸ್ ಸಿಗದವರ ಕೋರ್ಸ್' ಅಂತ ನೋಡುವ ಕೆಟ್ಟ ಚಾಳಿ ಇದೆ. ಬಿಡಿಎಸ್ ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಕೈಕೆಲಸದ ವಿದ್ಯೆ ಅದು. ಮೇಣದಲ್ಲಿ ಹಲ್ಲು ಕೆತ್ತುವುದರಿಂದ ಶುರು. ಚಿಕ್ಕ ವಸ್ತುಗಳನ್ನು ತಾಳ್ಮೆಯಿಂದ ಮಾಡುವ ಮಗುವಿಗೆ ಅದು ಹಿಡಿಸುತ್ತದೆ, ಇಲ್ಲದವರಿಗೆ ಐದು ವರ್ಷ ಶಿಕ್ಷೆ. ನೀಟ್ ಅದನ್ನು ಅಳೆಯುವುದಿಲ್ಲ, ಮನೆಯವರೇ ನೋಡಬೇಕು. ಮುಂಬಯಿಯಲ್ಲಿ ಸಿಎಸ್‌ಎಂಟಿ ಹತ್ತಿರದ ಸರಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಕಡೆಯ ನಾಯರ್ ದಂತ ಕಾಲೇಜು ಎರಡೂ ಒಳ್ಳೆಯವೇ. ಅಲ್ಲಿ ಸೀಟು ಸಿಕ್ಕರೂ ಬಿಟ್ಟು, ಸಾಲ ಮಾಡಿ ದೂರದ ಖಾಸಗಿ ಎಂಬಿಬಿಎಸ್‌ಗೆ ಓಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಇನ್ನು ಕೌನ್ಸೆಲಿಂಗಿನಲ್ಲಿ ಕಾಲೇಜುಗಳ ಪಟ್ಟಿ ತುಂಬುವುದು. ಇಲ್ಲಿ ಎಲ್ಲರೂ ಅತಿ ಜಾಣರಾಗಲು ಹೋಗಿ ಕೆಡುತ್ತಾರೆ. "ಕೆಇಎಂ ಹೇಗೂ ಸಿಗಲ್ಲ, ಮೇಲೆ ಹಾಕಿದರೆ ಕೆಳಗಿನದೂ ಹೋಗ್ತದೆ" ಎಂಬ ಭಯ. ಕಂಪ್ಯೂಟರ್ ಕೆಲಸ ಮಾಡುವುದು ಹಾಗಲ್ಲ. ಅದು ಮೊದಲ ರ‍್ಯಾಂಕಿನವರಿಂದ ಒಬ್ಬೊಬ್ಬರನ್ನೇ ಕರೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದು ಖಾಲಿ ಇದೆಯಾ? ಇಲ್ಲ. ಎರಡನೆಯದು? ಇಲ್ಲ. ಹನ್ನೊಂದನೆಯದು? ಇದೆ, ತಗೋ. ಮೇಲೆ ಹತ್ತು ಕನಸು ಬರೆದದ್ದರಿಂದ ಹನ್ನೊಂದನೆಯದರ ಅವಕಾಶ ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಹಾಗಾಗಿ ಸಿಗುವ ಕ್ರಮದಲ್ಲಿ ಅಲ್ಲ, ಬೇಕಾದ ಕ್ರಮದಲ್ಲಿ ಬರೆಯಿರಿ. 1845ರ ಗ್ರಾಂಟ್ ಮೆಡಿಕಲ್, ಅಂದರೆ ಜೆಜೆ, ಪರೇಲಿನ ಕೆಇಎಂ, ನಾಯರ್, ಸಾಯನ್, ಪುಣೆಯ ಬಿಜೆ. ಇವುಗಳಲ್ಲಿ ಯಾವುದು ಮೇಲೆ ಎಂಬ ಜಗಳ ಪ್ರತಿ ಮನೆಯಲ್ಲಿ ಆಗುತ್ತದೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಕಳ್ವಾ ಕಾಲೇಜನ್ನು ಮೊದಲು ಹಾಕು ಎಂದಳು. ಕಾರಣ, ಡೊಂಬಿವಲಿಯಿಂದ ಕೆಲವೇ ಸ್ಟೇಷನ್! ಅದೂ ಒಂದು ಕಾರಣವೇ, ನಗಬೇಡಿ.

ಒಂದು ಎಚ್ಚರ. ಪಟ್ಟಿಯಲ್ಲಿ ಬರೆದ ಕಾಲೇಜು ಸಿಕ್ಕರೆ ಹೋಗಲು ಸಿದ್ಧರಿರಬೇಕು. ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬಿಟ್ಟರೆ ದಂಡ ಇಲ್ಲ. ಎರಡನೇ ಸುತ್ತಿನಲ್ಲಿ ಬಿಟ್ಟರೆ ಠೇವಣಿ ಹೋಯಿತು. ಜನರಲ್ ವರ್ಗಕ್ಕೆ ಸರಕಾರಿ ಸೀಟಿನ ಠೇವಣಿ 10 ಸಾವಿರ, ಡೀಮ್ಡ್‌ಗೆ 2 ಲಕ್ಷ. ಮೇಲಿನ ಕಾಲೇಜು ಸಿಕ್ಕ ಗಳಿಗೆಯಲ್ಲೇ ಹಳೆಯ ಸೀಟು ಬೇರೆಯವರ ಪಾಲು, "ಎರಡೂ ನೋಡಿ ಹೇಳ್ತೇನೆ" ಎನ್ನುವಂತಿಲ್ಲ. ಮಹಾರಾಷ್ಟ್ರದ ಸುತ್ತುಗಳ ನಿಯಮ ಬೇರೆ, ಆ ವರ್ಷದ ಮಾಹಿತಿ ಪುಸ್ತಕವನ್ನೇ ನಂಬಿ. ವಾಟ್ಸ್ಯಾಪಿನಲ್ಲಿ ಬರುವ ಹೋದ ವರ್ಷದ ಪಿಡಿಎಫ್ ಬೇಡ. ಸರಕಾರಿ ಸೀಟು ತೆಗೆದುಕೊಂಡರೆ ಮಹಾರಾಷ್ಟ್ರದಲ್ಲಿ ಎಂಬಿಬಿಎಸ್ ನಂತರ ಒಂದು ವರ್ಷ ಸರಕಾರಿ ಸೇವೆಯ ಬಾಂಡ್ ಇದೆ, ತಪ್ಪಿಸಿದರೆ 10 ಲಕ್ಷ. "ಒಳಗಿನಿಂದ ಸೀಟು ಕೊಡಿಸ್ತೇನೆ" ಎನ್ನುವ ಏಜೆಂಟ್ ಫೋನ್ ಮಾಡಿದರೆ ಇಟ್ಟುಬಿಡಿ. ಕೌನ್ಸೆಲಿಂಗ್ ಹೊರತು ಸೀಟಿಲ್ಲ.

ಅಕ್ಕನ ಕತೆ ಹೇಳಿ ಮುಗಿಸುತ್ತೇನೆ. ಮೂರು ದಿನ ಯೋಚಿಸಿ ಅವರು ಮಗನನ್ನು ಊರಿಗೇ ಕಳಿಸುವುದೆಂದು ತೀರ್ಮಾನಿಸಿದರು. ಅಜ್ಜಿ ಒಬ್ಬರೇ ಇದ್ದಾರೆ, ಹುಡುಗ ಜೊತೆಗಿದ್ದರೆ ಒಳ್ಳೆಯದು ಎಂಬುದೂ ಲೆಕ್ಕಕ್ಕೆ ಬಂತು. ನಾನು ಬೇರೆ ಹೇಳಿದ್ದೆ, ಪರವಾಗಿಲ್ಲ. ತಮ್ಮ ವ್ಯಾಸಂಗ ಪ್ರಮಾಣಪತ್ರ ತರಲು ಮೇ ತಿಂಗಳಲ್ಲೇ ಹೋದರು. ಶಾಲೆಗೆ ಬೀಗ. ಬೇಸಿಗೆ ರಜೆ! ಹೆಡ್ಮಾಸ್ತರು ಧರ್ಮಸ್ಥಳಕ್ಕೆ ಹೋಗಿದ್ದರಂತೆ. ಹಳೇ ದಾಖಲಾತಿ ಪುಸ್ತಕ ತೆಗೆಸಿ, ಹೆಡ್ಮಾಸ್ತರ ಸಹಿಯ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯನ್ನೂ ಹಾಕಿಸಬೇಕು. ಹಾಗಾಗಿ ಜೂನ್‌ನಲ್ಲಿ ಇನ್ನೊಮ್ಮೆ ಮತ್ಸ್ಯಗಂಧ ರೈಲು ಹತ್ತಿದರು. ಆ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಅಡ್ಡಹೆಸರೇ ಇರಲಿಲ್ಲವಂತೆ. ಈಗ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸುತ್ತಿದ್ದಾರೆ.